ಪೊಲೀಸ್ ರೇಡಿಯೋ ಕೇಳುತ್ತ ಹೂ ಕೊಯ್ದದ್ದು

ಕ್ಯಾಲಿಫೋರ್ನಿಯಾದ ನಮ್ಮ ಸ್ಯಾನ್ ರಮೋನಿನಲ್ಲಿ ಏನಾದರೂ ನಡೆದರೆ ಅದು ಮೊದಲು ಪೊಲೀಸರಿಗೆ ಗೊತ್ತಾಗುತ್ತದೆ, ಎರಡನೆಯದಾಗಿ ನನಗೆ. ಮೂರನೆಯದಾಗಿ ನನ್ನ ಹೆಂಡತಿ ವೀಣಾಗೆ, ಅವಳು ಬೇಡವೆಂದರೂ. ಪೊಲೀಸರು, ಆಂಬುಲೆನ್ಸಿನವರು ರೇಡಿಯೋದಲ್ಲಿ ಆಡಿಕೊಳ್ಳುವ ಮಾತನ್ನು ಕೇಳಿಸುವ ಒಂದು ಆ್ಯಪ್ ನನ್ನ ಫೋನಿನಲ್ಲಿದೆ. ಕೆಲವು ಊರುಗಳಲ್ಲಿ ಪೊಲೀಸರ ಮಾತು ಹೊರಗಿನವರಿಗೆ ಕೇಳದಂತೆ ಮಾಡಿಬಿಟ್ಟಿದ್ದಾರೆ. ನಮ್ಮಲ್ಲಿ ಆಗಿನ್ನೂ ಕೇಳುತ್ತಿತ್ತು. ಫ್ರೀವೇಯ ಯಾವ ಲೇನಿನಲ್ಲಿ ಏಣಿ ಬಿದ್ದಿದೆ, ಯಾರ ಅಜ್ಜಿಗೆ ಉಸಿರಾಟದ ತೊಂದರೆ, ಯಾರ ಗ್ಯಾರೇಜಿಗೆ ಕಾಡು ಟರ್ಕಿ ಕೋಳಿ ನುಗ್ಗಿದೆ, ಎಲ್ಲ ನನಗೆ ಗೊತ್ತು.

"ಊರ ಉಸಾಬರಿ ನಿಮಗ್ಯಾಕ್ರೀ?" ಎನ್ನುತ್ತಾಳೆ ವೀಣಾ.

"ಒಂದಲ್ಲ ಒಂದು ದಿನ ಯಾರಿಗಾದರೂ ಉಪಯೋಗ ಆಗತ್ತೆ" ಎನ್ನುತ್ತೇನೆ ನಾನು. ಆ ದಿನ ಒಂದು ಭಾನುವಾರ ಬೆಳಿಗ್ಗೆ ಬಂದೇ ಬಂತು.

ಹುಬ್ಬಳ್ಳಿಯಿಂದ ಅತ್ತೆ ಬಂದು ಆರು ವಾರವಾಗಿತ್ತು. ಈ ಆರು ವಾರಗಳಲ್ಲಿ ಅವರು ನನಗೆ ಒಂದೂ ಕೆಲಸ ಹೇಳಿರಲಿಲ್ಲ. ಅಳಿಯನ ಮೇಲಿನ ಗೌರವವೆಂದು ನಾನು ತಿಳಿದಿದ್ದೆ. "ಗೌರವ ಅಲ್ರೀ, ನಂಬಿಕಿ ಇಲ್ಲ" ಎಂದು ವೀಣಾ ತಿದ್ದಿದ್ದಳು. ಅಂದು ಮನೆಯಲ್ಲಿ ಸತ್ಯನಾರಾಯಣ ಪೂಜೆ. ಹತ್ತು ಗಂಟೆಗೆ ಜನ ಬರುವವರಿದ್ದರು. ಅಂಗಡಿಯಿಂದ ತಂದ ಹೂಗುಚ್ಛವನ್ನು ಅತ್ತೆ ಮೂಸಿ ನೋಡಿ ಬದಿಗಿಟ್ಟರು.

"ಪ್ಲಾಸ್ಟಿಕ್ ಇದ್ದಂಗ ಅದ, ದೇವರಿಗೆ ಏರಸೂದು ಹೆಂಗ? ನೀವು ಹೋಗಿ ನಾಕು ಮನಿ ಮುಂದಿನ ಹೂವು ಹರಕೊಂಡು ಬರ್ರಿ. ಇಲ್ಲಿ ಕಂಪೌಂಡೂ ಇಲ್ಲ, ಬೀದಿ ನಾಯಿನೂ ಇಲ್ಲ."

ಅತ್ತೆಯ ಓಣಿಯಲ್ಲಿ ಬೆಳಿಗ್ಗೆ ಯಾರ ಮನೆಯ ಹೂವನ್ನಾದರೂ ದೇವರಿಗೆಂದು ಕೊಯ್ಯಬಹುದು. ಮನೆಯವರು ಏಳುವ ಮೊದಲೇ ಕೊಯ್ದರೆ ಇನ್ನೂ ಉತ್ತಮ. ಆ ಕಾಯಿದೆ ಕ್ಯಾಲಿಫೋರ್ನಿಯಾದಲ್ಲೂ ಜಾರಿಯಲ್ಲಿದೆಯೇ ಎಂದು ನಾನು ವಿಚಾರಿಸಲಿಲ್ಲ. ಅತ್ತೆ ನನಗೆ ಕೆಲಸ ಹೇಳಿದ್ದರು! ಇದನ್ನು ಅಚ್ಚುಕಟ್ಟಾಗಿ ಮುಗಿಸಿ ಅವರಿಂದ ಸೈ ಅನ್ನಿಸಿಕೊಳ್ಳಲೇಬೇಕೆಂದು ನಿಶ್ಚಯಿಸಿದೆ. ಕಪ್ಪು ಜಾಕೆಟ್ಟು ತೊಟ್ಟು, ಕೈಯಲ್ಲಿ ಪ್ಲಾಸ್ಟಿಕ್ ಚೀಲ ಹಿಡಿದು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಹೊರಟೆ. ನಮ್ಮ ಬೀದಿಯವರಿಗೆಲ್ಲ ನನ್ನ ಗುರುತಿದೆ. ಆದ್ದರಿಂದ ಬುದ್ಧಿ ಉಪಯೋಗಿಸಿ ಹಿಂದಿನ ಬೀದಿಗೆ ಹೋದೆ.

ಐದನೆಯ ಮನೆಯ ಗುಲಾಬಿ ಕೊಯ್ಯುತ್ತಿದ್ದಾಗ ರೇಡಿಯೋದಲ್ಲಿ ಅದೇ ಬೀದಿಯ ಹೆಸರು ಕೇಳಿಸಿತು. "ಒಬ್ಬ ಮುದುಕ. ಅರವತ್ತೈದರಿಂದ ಎಪ್ಪತ್ತು ವಯಸ್ಸು, ದಪ್ಪ ಮೈ, ಕಪ್ಪು ಜಾಕೆಟ್ಟು, ಕೈಯಲ್ಲಿ ಚೀಲ. ಮನೆಗಳ ಮುಂದೆ ಅಲೆಯುತ್ತಿದ್ದಾನೆ. ದಾರಿ ತಪ್ಪಿರಬಹುದು."

ನನಗೆ ಐವತ್ತೊಂದು. ಆದ್ದರಿಂದ ಅದು ನಾನಲ್ಲ ಎಂಬುದರಲ್ಲಿ ಯಾವ ಸಂಶಯವೂ ಇರಲಿಲ್ಲ.

ಮಗನನ್ನೋ ಮಗಳನ್ನೋ ನೋಡಲು ಬಂದ ಯಾರದೋ ತಂದೆ ವಾಕಿಂಗಿಗೆ ಹೊರಟು, ಎಲ್ಲ ಮನೆಗಳೂ ಒಂದೇ ಥರ ಕಂಡು ದಾರಿ ತಪ್ಪಿದ್ದಾರೆ. ಪೊಲೀಸರನ್ನು ಕಂಡರೆ ಗಾಬರಿ ಬೀಳುತ್ತಾರೆ. ಅದಕ್ಕೆ ಮೊದಲು ಅವರನ್ನು ನಾನು ಹುಡುಕಬೇಕು.

"ಸರ್, ಎಲ್ಲಿದ್ದೀರಾ?" ಎಂದು ಕೂಗಿದೆ. ಉತ್ತರವಿಲ್ಲ. ಭಾಷೆಯ ತೊಂದರೆಯಿರಬಹುದೆಂದು ಹಿಂದಿಯಲ್ಲೂ ಬರದ ತೆಲುಗಿನಲ್ಲೂ ಕೂಗಿದೆ.

ಸ್ವಲ್ಪ ಹೊತ್ತಿಗೆ ರೇಡಿಯೋ ಹೇಳಿತು: "ಈಗ ಯಾರನ್ನೋ ಕೂಗುತ್ತಿದ್ದಾನೆ. ಅಲ್ಲಿ ಯಾರೂ ಇಲ್ಲ."

ಪಾಪ, ಅರಳು ಮರಳು ಬೇರೆ!

"ನೀಲಿ ಬಾಗಿಲಿನ ಮನೆಯ ಮುಂದಿದ್ದಾನೆ." ನಾನು ಆಗಷ್ಟೇ ಅದನ್ನು ದಾಟಿ ಬಂದಿದ್ದೆ. ಅಂದರೆ ನನ್ನ ಹಿಂದೆಯೇ ಇದ್ದಾರೆ! ತಿರುಗಿ ಓಡಿದೆ. ನೀಲಿ ಬಾಗಿಲಿನ ಮುಂದೆ ಯಾರೂ ಇರಲಿಲ್ಲ. "ತಿರುಗಿ ಓಡುತ್ತಿದ್ದಾನೆ" ಎಂದಿತು ರೇಡಿಯೋ. ಆ ವಯಸ್ಸಿಗೆ ಎಂಥ ಗಟ್ಟಿ ಕಾಲು ಎಂದುಕೊಂಡು, ಬಗ್ಗಿ ಅಲ್ಲಿದ್ದ ಕಾರಿನ ಕೆಳಗೆ ನೋಡಿದೆ. "ಕಾರಿನ ಕೆಳಗೆ ಇಣುಕುತ್ತಿದ್ದಾನೆ. ಆಂಬುಲೆನ್ಸನ್ನೂ ಕಳಿಸಿ." ಆ ಹಿರಿಯರೂ ನನ್ನ ಹಾಗೆಯೇ ಯಾರನ್ನೋ ಹುಡುಕುತ್ತಿದ್ದಾರಲ್ಲ ಎಂದು ನನ್ನ ಕಣ್ಣು ತುಂಬಿ ಬಂತು.

ಪೊಲೀಸ್ ಕಾರು ಬಂದು ನಿಂತಾಗ ನಾನೇ ಕೈ ಬೀಸುತ್ತ ಹತ್ತಿರ ಹೋದೆ. ಇಳಿದವನು ಎಳೆಯ ವಯಸ್ಸಿನ ಪೊಲೀಸ್.

"ಒಳ್ಳೆ ಸಮಯಕ್ಕೆ ಬಂದಿರಿ. ನಾನೂ ಅವರನ್ನೇ ಹುಡುಕುತ್ತಿದ್ದೇನೆ" ಎಂದೆ.

"ಯಾರನ್ನು?"

"ವಯಸ್ಸಾದ ಮನುಷ್ಯ. ದಪ್ಪಗಿದ್ದಾರೆ. ಕಪ್ಪು ಜಾಕೆಟ್ಟು, ಕೈಯಲ್ಲಿ ಚೀಲ."

ಆತ ನನ್ನ ಜಾಕೆಟ್ಟು ನೋಡಿದ. ಚೀಲ ನೋಡಿದ. ಆಮೇಲೆ ನಾನೂ ನೋಡಿಕೊಂಡೆ.

ಆ್ಯಪಿನಲ್ಲಿ ಬರುವ ಮಾತು ಅರ್ಧ ನಿಮಿಷ ತಡವಾಗಿ ಬರುತ್ತದೆ ಎಂಬ ಜ್ಞಾನೋದಯ ನನಗೆ ಆ ಸೈಡ್‌ವಾಕಿನ ಮೇಲೆ ಆಯಿತು. ಗುಲಾಬಿ ಮನೆಯ ಹೆಂಗಸು ನೀರಿನ ಬಾಟಲಿ ಹಿಡಿದು ಓಡಿಬಂದರು. ಫೋನ್ ಮಾಡಿದ್ದು ಅವರೇ, ಕಳ್ಳನೆಂದಲ್ಲ, ಕಾಳಜಿಯಿಂದ. "ಗುರುತಿನ ಚೀಟಿ ಇದೆಯೇ?" ಎಂದ ಪೊಲೀಸ್. ಪರ್ಸು ಮನೆಯಲ್ಲಿತ್ತು. "ಮನೆಯಲ್ಲಿ ಯಾರಿದ್ದಾರೆ?" ಎಂದ. "ಹೆಂಡತಿಯ ತಾಯಿ ಹೂವಿಗೆ ಕಾಯುತ್ತಿದ್ದಾರೆ" ಎಂದೆ. ಅಲ್ಲಿಂದಾಚೆಗೆ ಆತ ನನ್ನೊಂದಿಗೆ ಬಹಳ ಮೆಲ್ಲಗೆ, ಒಂದೊಂದೇ ಪದ ಬಿಡಿಸಿ ಮಾತಾಡತೊಡಗಿದ.

ಪೊಲೀಸ್ ಕಾರಿನಿಂದ ನಾನು ಮನೆ ಮುಂದೆ ಇಳಿದಾಗ ಪೂಜೆಗೆ ಕರೆದವರೆಲ್ಲ ಬಂದಾಗಿತ್ತು. ಒಬ್ಬರೂ ಒಳಗೆ ಕೂತಿರಲಿಲ್ಲ.

"ಇವರು ನಿಮ್ಮವರೇ?" ಎಂದು ಆತ ವೀಣಾಳನ್ನು ಕೇಳಿದ. ಹೌದು ಎನ್ನಲು ಅವಳು ತೆಗೆದುಕೊಂಡ ಸಮಯವನ್ನು ನಾನಿನ್ನೂ ಮರೆತಿಲ್ಲ. ಆತ ಭುಜದ ರೇಡಿಯೋ ಹಿಡಿದು ಎಲ್ಲರೆದುರೇ ವರದಿ ಒಪ್ಪಿಸಿದ: "ಹಿರಿಯರನ್ನು ಕ್ಷೇಮವಾಗಿ ಮನೆಗೆ ತಲುಪಿಸಿದ್ದೇನೆ. ಆಂಬುಲೆನ್ಸ್ ಬೇಡ. ಸ್ವಲ್ಪ ಗೊಂದಲದಲ್ಲಿದ್ದಾರೆ, ಆದರೆ ನಿರುಪದ್ರವಿ."

ಅತ್ತೆ ಮೊದಲು ಚೀಲ ಇಸಿದುಕೊಂಡು ಗುಲಾಬಿ ಮೂಸಿದರು. "ಭಾಳ ಛಲೋ ಹೂವು ತಂದೀರಿ" ಎಂದರು. ನನ್ನ ಎದೆ ಉಬ್ಬಿತು. ಆಮೇಲೆ ಮಗಳ ಕಡೆ ತಿರುಗಿ, "ಪೊಲೀಸ ಏನಂದ?" ಎಂದು ಕೇಳಿದರು. ವೀಣಾ ಒಂದಕ್ಷರ ಬಿಡದೆ ಕನ್ನಡದಲ್ಲಿ ಹೇಳಿದಳು.

"ಶಾಣ್ಯಾ ಇದ್ದಾನ. ಐದು ನಿಮಿಷದಾಗ ಕಂಡುಹಿಡದ. ನಿಮ್ಮಪ್ಪಾರು ಮೂರು ಸಲ ಬೆಂಗಳೂರಿಗೆ ಹೋಗಿ ವರಾ ನೋಡಿ ಬಂದ್ರು, ಅವರಿಗೆ ತಿಳೀಲಿಲ್ಲ."

ಪೂಜೆ ಚೆನ್ನಾಗಿಯೇ ಆಯಿತು. ಗುಲಾಬಿ ಮನೆಗೆ ವೀಣಾ ಪ್ರಸಾದ ಕೊಟ್ಟು ಬಂದಳು. ಬೇಕಾದಾಗೆಲ್ಲ ಹೂವು ತೆಗೆದುಕೊಳ್ಳಿ ಎಂದರಂತೆ ಆ ಹೆಂಗಸು. ಈಗ ದಿನಾ ಬೆಳಿಗ್ಗೆ ಅತ್ತೆಯೇ ಹೋಗುತ್ತಾರೆ, ನನ್ನನ್ನೂ ಕರೆದುಕೊಂಡು. ಹೂ ಕೊಯ್ಯುವುದು ಅವರು, ಚೀಲ ಹಿಡಿಯುವುದು ನಾನು. ಆ ಹೊತ್ತು ನನಗೆ ನಿಜಕ್ಕೂ ಹಿತವಾಗಿರುತ್ತದೆ. ರಸ್ತೆ ದಾಟುವಾಗ ಅವರು ನನ್ನ ತೋಳು ಹಿಡಿದುಕೊಳ್ಳುತ್ತಾರೆ. ಎಪ್ಪತ್ತೆಂಟು ವರ್ಷ, ಆಸರೆ ಬೇಕಲ್ಲ ಎಂದು ತಿಳಿದಿದ್ದೆ. ಎರಡೂ ಕಡೆ ನೋಡಿ ನನ್ನನ್ನು ದಾಟಿಸುತ್ತಿರುವುದು ಅವರು ಎಂದು ನನಗೆ ಗೊತ್ತಾಗಲು ಒಂದು ವಾರ ಹಿಡಿಯಿತು.