ಮುಗುಳ್ನಗೆ ಯಾರ ಪಾಲಿಗೆ

ಗಂಡ: ಹಲ್ಲಿನ ಡಾಕ್ಟರು ನಕ್ಕರೆ ‘ಮುಗುಳ್ನಗೆ ಬೀರಿದ’. ಟೈಲರ್ ನಕ್ಕರೆ ‘ಹಲ್ಲು ಕಿರಿದ’. ಯಾಕೆ, ನನ್ನ ಹಲ್ಲೇನು ಬಾಡಿಗೆಗೆ ತಂದಿದ್ದಾ?

ಅವನು ಹೊಲಿಗೆ ಮಿಷನ್ ನಿಲ್ಲಿಸಿಯೇ ಬಿಟ್ಟಿದ್ದ. ಎದುರಿಗೆ ಕೂತ ಹೆಂಡತಿ ತಾನು ಬರೆದ ಕಥೆ ಓದಿ ಹೇಳುತ್ತಿದ್ದಳು. ಸಂಜೆಯೊಳಗೆ ಅದು ಪತ್ರಿಕೆಗೆ ಹೋಗಬೇಕು. ಕಥೆಯಲ್ಲಿ ಒಬ್ಬ ಟೈಲರ್, ಅವನ ಹೆಂಡತಿ, ಎದುರುಮನೆಯ ಹಲ್ಲಿನ ಡಾಕ್ಟರು. ಕೊನೆಗೆ ಹೆಂಡತಿ ಡಾಕ್ಟರ ಜೊತೆ ರೈಲು ಹತ್ತುತ್ತಾಳೆ.

ಹೆಂಡತಿ: ಕೆಲವು ಮಾತು ಜೋಡಿಯಾಗೇ ಬರುತ್ತೆ ಕಣ್ರೀ. ನಾನೇನು ಮಾಡ್ಲಿ?

ಗಂಡ: ಬರಲಿ. ಒಳ್ಳೊಳ್ಳೆ ಜೋಡಿಯೆಲ್ಲ ಎದುರುಮನೆಗೇ ಯಾಕೆ ಹೋಗಬೇಕು? ಅವನು ಮೌನ ತಾಳ್ತಾನೆ, ನಾನು ಬಾಯಿಗೆ ಬೀಗ ಹಾಕ್ಕೋತೀನಿ. ಅವನು ನಿದ್ದೆಗೆ ಜಾರ್ತಾನೆ, ನಾನು ಗೊರಕೆ ಹೊಡೀತೀನಿ.

ಹೆಂಡತಿ: ನೀವಲ್ಲ, ಟೈಲರ್.

ಗಂಡ: ಈ ಬೀದೀಲಿ ಇನ್ನೊಬ್ಬ ಟೈಲರನ್ನ ತೋರಿಸು, ನೋಡೋಣ.

ಅವಳು ಮಾತು ಬದಲಿಸಿದಳು. ಡಾಕ್ಟರ್ ಗೊರಕೆ ಹೊಡೆದರೆ ಅವನ ಹಿಂದೆ ಯಾರು ತಾನೇ ಓಡಿಹೋಗುತ್ತಾರೆ ಎಂದು ಸಮಾಧಾನವಾಗಿ ತಿಳಿಹೇಳಿದಳು. ತಾನು ಹೇಳುತ್ತಿರುವುದೂ ಅದನ್ನೇ ಎಂದ ಅವನು. ಮಾತಿಗೆ ಮಾತು ಬೆಳೆಯಿತು. ಇನ್ನು ಮುಂದೆ ಅವಳ ಬಟ್ಟೆಯನ್ನೂ ಆ ಡಾಕ್ಟರೇ ಹೊಲಿದುಕೊಡಲಿ ಎಂದು ಗಂಡ ಸೂಜಿ ಕೆಳಗಿಟ್ಟಾಗ ಅವಳು ಸೋತಳು. ಪೆನ್ನು ಹಿಡಿದು ಒಳಗೆ ಹೋದಳು.

ತಿದ್ದಿ ತಂದು ಮತ್ತೆ ಓದಿದಳು. ಈಗ ಡಾಕ್ಟರ್ ಹಲ್ಲು ಕಿರಿದು, ಕಾಲೆಳೆದುಕೊಂಡು ಹೋಗಿ, ಮಂಚದ ಮೇಲೆ ದೊಪ್ಪನೆ ಬಿದ್ದುಕೊಂಡ. ಟೈಲರ್ ಮುಗುಳ್ನಗೆ ಬೀರಿದ, ಗಂಭೀರವಾಗಿ ಹೆಜ್ಜೆ ಹಾಕಿದ, ನೋಡಿದವರ ಮನ ಸೂರೆಗೊಂಡ. ಗಂಡ ಖುಷಿಯಲ್ಲಿ ಪೆಡಲು ತುಳಿಯತೊಡಗಿದ. ಬಟ್ಟೆಯೇ ಇಲ್ಲದೆ ಮಿಷನ್ ಗಡಗಡ ಓಡಿತು.

ಕೊನೆಯ ಪುಟಕ್ಕೆ ಬಂದಾಗ ಅವಳ ದನಿ ನಿಧಾನವಾಯಿತು. ಅಷ್ಟು ಚೆಂದ ನಗುವ ಟೈಲರ್ ಮನೆಯಲ್ಲಿ ನಿಲ್ಲಲಿಲ್ಲ. ಕೋಟು ಹೊಲಿಸಲು ಅಳತೆ ಕೊಡೋಕೆ ಬಂದ ನರ್ಸ್ ಜೊತೆ ಅವನೇ ರೈಲು ಹತ್ತಿಬಿಟ್ಟಿದ್ದ.

ಅವಳು ಹಾಳೆ ಮಡಚಿ ಗಂಡನನ್ನು ದುರುಗುಟ್ಟಿ ನೋಡಿದಳು.

ಹೆಂಡತಿ: ಯಾರ್ರೀ ಅವಳು?

ಗಂಡ: ನಂಗೇನು ಗೊತ್ತು? ಬರೆದವಳು ನೀನು.

ಹೆಂಡತಿ: ಏನೂ ಇಲ್ಲದೆ ಇದ್ರೆ ನನ್ನ ಪೆನ್ನಿಗೆ ಹೇಗೆ ಬಂದ್ಲು?

ಗಂಡನಿಗೂ ಅದು ಹೌದೆನ್ನಿಸಿತು. ಮಿಷನ್‌ಗೆ ದಾರ ಪೋಣಿಸುತ್ತ, ಆದಷ್ಟು ಸಹಜವಾಗಿ ಕೇಳಿದ.

ಗಂಡ: ಅಡ್ರೆಸ್ ಏನಾದ್ರೂ ಬರೆದಿದ್ದೀಯಾ?