ಕ್ಯಾಮೆರಾ ನೋಡೋಕೆ ಬಂದ್ರು

ಇಲ್ಲ, ಮೆಗಾಪಿಕ್ಸೆಲ್ ಜಾಸ್ತಿ ಇದ್ರೆ ಫೋಟೋ ಚೆನ್ನಾಗ್ ಬರುತ್ತೆ ಅನ್ನೋದು ಸುಳ್ಳು. ನೀವು ಕೇಳ್ಲಿಲ್ಲ, ಸರಿ. ಆದ್ರೆ ಏಳು ವರ್ಷ ಕತ್ತಿಗೆ ಕ್ಯಾಮೆರಾ ನೇತಾಕ್ಕೊಂಡು ಸುತ್ತಿರೋ ನಂಗೆ ಎದುರಿಗಿರೋರ ಮುಖ ನೋಡಿದ್ರೆ ಸಾಕು. ಮುಂದಿನ ಮಾತು "ನಮ್ ಅಳಿಯಂದು ಬರೀ ಫೋನು, ಅದೇ ನೂರೆಂಟು ಮೆಗಾಪಿಕ್ಸೆಲ್" ಅಂತಾನೇ ಇರುತ್ತೆ. ಕ್ಯಾಮೆರಾ ಬದಲಾಯಿಸ್ತೀನಿ ಅಂತ ಒಬ್ಬರಿಗೆ ಬಾಯ್ಬಿಟ್ರೂ ಮುಗೀತು, ತುಮಕೂರಲ್ಲಿ ಇಂಥ ಉಪದೇಶ ವಾರಕ್ಕೊಂದು ಗ್ಯಾರಂಟಿ.

ವಿಷ್ಯ ಏನಂದ್ರೆ, ನಾನು ಇಂಜಿನಿಯರಿಂಗ್ ಐದನೇ ಸೆಮ್‌ಗೆ ಬಿಟ್ಟೋನು. ನಾನು ಬಿಟ್ಟೆನೋ, ಅದೇ ನನ್ನ ಬಿಡ್ತೋ, ಮನೇಲಿ ಎರಡು ಅಭಿಪ್ರಾಯ ಇದೆ. ಉಪ್ಪಾರಹಳ್ಳಿಲಿ ನಮ್ ಮನೆ ಮುಂದಿನ ರೂಮೇ ನನ್ ಸ್ಟುಡಿಯೋ. ಕುಣಿಗಲ್ಲಿಂದ ಒಂದು ದೊಡ್ಡ ಮದುವೆ ಬರೋ ಹಂಗಿತ್ತು. ಅಪ್ಪ ಖಡಾಖಂಡಿತವಾಗಿ ಹೇಳ್ಬಿಟ್ಟ: "ಈ ಮದುವೆ ಸಿಕ್ತಾ, ನಿನ್ ದಾರಿ ನಿಂದು. ಕೈ ತಪ್ತಾ, ಬಾಯ್ ಮುಚ್ಕೊಂಡ್ ಹೋಗಿ ಬಾಕಿ ಪೇಪರ್ ಬರಿ." ಹನ್ನೊಂದು ಪೇಪರ್. ಈಗ ಕ್ಲಾಸಿಗೆ ಹೋದ್ರೆ ಹುಡುಗ್ರು ನನ್ನ ಲೆಕ್ಚರರ್ ಅನ್ಕೊಂಡು ಎದ್ ನಿಲ್ತಾರೆ.

ಹಳೇ ಕ್ಯಾಮೆರಾ ಕ್ರಾಪ್ ಸೆನ್ಸಾರಿಂದು, ಅಂದ್ರೆ ಬೆಳಕು ಹಿಡಿಯೋ ಚಿಪ್ ಚಿಕ್ಕದು. ಇತ್ತೀಚೆಗೆ ಎರಡು ಫೋಟೋಗೊಂದ್ ಸಲ ಎರರ್ ತೋರ್ಸಿ ಮಲಗ್ತಿತ್ತು. ಈಗ ಇನ್ನೊಂದು ಹೊಸ ಕ್ರಾಪ್ ತಗೋಬೇಕಾ, ಇಲ್ಲ ದೊಡ್ಡ ಸೆನ್ಸಾರಿನ ಫುಲ್ ಫ್ರೇಮೇ ತಗೋಬೇಕಾ? ಮೂರು ತಿಂಗಳಿಂದ ಇದೇ ತಲೆನೋವು.

ತೋಟದ ಲೆಕ್ಕ

ಅಪ್ಪ ಚೇಳೂರಿನ ತೆಂಗಿನ ತೋಟದ ಮನುಷ್ಯ. ಒಂದಿನ ಎರಡು ಕ್ಯಾಮೆರಾ ಫೀಚರ್ ಪಕ್ಕ ಪಕ್ಕ ಬರ್ಕೊಂಡ್ ಕೂತಿದ್ದೆ. ಬಂದು ಇಣುಕಿದ.

"ಎರಡ್ರಲ್ಲೂ ಇಪ್ಪತ್ನಾಲ್ಕೇ ಅಂತ ಬರ್ದಿದೀಯಲ್ಲ. ಮತ್ತೇನ್ಲಾ ವ್ಯತ್ಯಾಸ?"

"ಮೆಗಾಪಿಕ್ಸೆಲ್ ಒಂದೇನೆ ಅಪ್ಪ. ಆದ್ರೆ ಇದ್ರದ್ದು ಸೆನ್ಸಾರ್ ದೊಡ್ಡದು."

ಅಪ್ಪ ಹಾಳೆನ ತನ್ ಕಡೆ ಎಳ್ಕೊಂಡ. "ಅಂದ್ರೆ ಅಲ್ಲೂ ಅಷ್ಟೇ ಗಿಡ, ಇಲ್ಲೂ ಅಷ್ಟೇ ಗಿಡ. ಇಲ್ಲಿ ಜಮೀನು ದೊಡ್ಡದು, ಗಿಡಗಿಡಕ್ಕೂ ಜಾಗ ಬಿಟ್ಟವ್ರೆ. ಒಂದೊಂದ್ಕೂ ಬಿಸಿಲು ಚೆನ್ನಾಗ್ ಬೀಳ್ತದೆ. ಅಷ್ಟೇ ತಾನೇ?"

ನಾನು ಪೆನ್ ಕೆಳಗಿಟ್ಟೆ. ಮೂರು ತಿಂಗಳು ಅದೆಷ್ಟು ವಿಡಿಯೋ ನೋಡಿದ್ನೋ, ಒಬ್ನೂ ಇಷ್ಟು ನೆಟ್ಟಗೆ ಹೇಳಿರ್ಲಿಲ್ಲ. ಕಾಲೇಜಲ್ಲಿ ಅಪ್ಪ ಪಾಠ ಮಾಡಿದ್ರೆ ನಾನ್ಯಾಕೆ ಬಿಡ್ತಿದ್ದೆ?

"ಹೌದಪ್ಪ, ಕರೆಕ್ಟಾಗಿ ಅದೇ."

"ಸರಿ. ದೊಡ್ಡ ತೋಟ ತಗೊಂಡ್ರೆ ಆಗ್ಲಿಲ್ಲ, ಮರ ಹತ್ತೋಕ್ ಬರ್ಬೇಕು" ಅಂದು ಹೋದ.

ಸೇಲ್ಸ್‌ಮನ್ ಕೆನ್ನೆ

ಊರಲ್ಲೇ ಒಂದು ಕ್ಯಾಮೆರಾ ಅಂಗಡಿಗೆ ಹೋದೆ. ಅಲ್ಲಿನ ಸೇಲ್ಸ್‌ಮನ್ ಕ್ರಾಪ್ ಅನ್ನೋ ಮಾತು ಎತ್ತೋಕೇ ಬಿಡ್ತಿಲ್ಲ. "ಸಾರ್, ಮದುವೆ ಮಾಡೋರು ಫುಲ್ ಫ್ರೇಮ್ ಬಿಟ್ಟು ಬೇರೆ ಮುಟ್ಟಲೇಬಾರ್ದು. ಕತ್ತಲೆ ಛತ್ರದಲ್ಲೂ ಹಾಲು ಹಂಗೆ ಬರುತ್ತೆ."

"ಟೆಸ್ಟ್ ಮಾಡಾಣ. ನೀವೇ ನಿಲ್ಲಿ" ಅಂದೆ.

ಹಿಂದ್ಗಡೆ ಗೋಡೌನಿನ ಮಬ್ಬಲ್ಲಿ ಅವನ್ನ ನಿಲ್ಲಿಸಿ, ಕ್ರಾಪು, ಫುಲ್ ಫ್ರೇಮು ಎರಡ್ರಲ್ಲೂ ಐಎಸ್‌ಓ, ಅಂದ್ರೆ ಕತ್ತಲಲ್ಲಿ ಫೋಟೋ ಬೆಳಗಿಸೋ ಸೆಟ್ಟಿಂಗು, ಏರಿಸಿ ತೆಗೆದೆ. ಅಂಗಡಿ ದೊಡ್ಡ ಟಿವಿಗೆ ಹಾಕಿ ಜೂಮ್ ಮಾಡಿದ್ವಿ. ಕ್ರಾಪ್‌ದು ಮೊದಲು.

"ನೋಡಿ, ಕೆನ್ನೆ ಮೇಲೆಲ್ಲ ರವೆ ರವೆ" ಅಂದೆ.

"ಅದೇ ನಾಯ್ಸು ಸಾರ್. ಈಗ ಫುಲ್ ಫ್ರೇಮ್ ನೋಡಿ, ಕ್ಲೀನು."

ಹಾಕಿದ್ವಿ. ರವೆ ಹೋಗಿತ್ತು ನಿಜ. ಅದ್ರ ಕೆಳಗೆ ಇವನ ಮೊಡವೆ ಗುಳಿ, ಬೆಳಗ್ಗೆ ಶೇವ್ ಮಾಡೋವಾಗ ಬಿಟ್ಟೋದ ಕೂದ್ಲು, ಹೇರ್ ಡೈ ಕಿವಿಗಂಟಿದ್ದು, ಎಲ್ಲಾ ಒಂದೊಂದೇ ಎಣಿಸೋ ಹಂಗೆ ನಿಂತ್ವು. ಬಿಲ್ ಕೌಂಟರ್ ಹುಡುಗಿ ಸೀಟಿಂದ ಎದ್ದು ಬಂದು ನೋಡಿದ್ಲು.

ಸೇಲ್ಸ್‌ಮನ್ ಮೆಲ್ಲಗೆ ರಿಮೋಟ್ ಒತ್ತಿ ಟಿವಿ ಆಫ್ ಮಾಡ್ದ. "ಸಾರ್, ಒಂದ್ ಮಾತು ಹೇಳ್ಲಾ? ಮದುವೆಗೆ ಕ್ರಾಪೇ ಬೆಸ್ಟು."

ಅಜ್ಜನ ಮೇಲೆ ಫೋಕಸ್

ಗುಬ್ಬಿಲಿ ಒಬ್ರು ಮೇಷ್ಟ್ರು, ಹಕ್ಕಿ ಫೋಟೋ ಹುಚ್ಚು. ಅವ್ರ ಫುಲ್ ಫ್ರೇಮ್ ಮಾರಬೇಕು ಅಂತಿದ್ರು. "ಒಂದಿನ ತಗೊಂಡೋಗಿ ಬಳಸ್ನೋಡು" ಅಂದ್ರು. ಸಿ.ಎಸ್. ಪುರದಲ್ಲಿ ಒಂದು ನಾಮಕರಣ ಇತ್ತು, ಅಲ್ಲಿಗೆ ತಗೊಂಡೋದೆ.

ಅದ್ರಲ್ಲಿ ಸ್ಕ್ರೀನ್ ನೋಡ್ಕೊಂಡು ತೆಗೆದ್ರೆ ಮುಖ ಎಲ್ಲಿದ್ರೂ ತಾನೇ ಹುಡುಕಿ ಫೋಕಸ್ ಮಾಡೋ ಫೀಚರ್ ಇತ್ತು. ನಾನು ನಂಬಿಬಿಟ್ಟೆ. ಮನೆಗೆ ಬಂದು ನೋಡ್ತೀನಿ, ತೊಟ್ಟಿಲ ಶಾಸ್ತ್ರದ ಒಂದೊಂದು ಫೋಟೋದಲ್ಲೂ ಮಗು ಮಂಜು ಮಂಜು. ಹಿಂದಿನ ಗೋಡೇಲಿ ಹಾರ ಹಾಕಿರೋ ತೀರ್ಕೊಂಡ ಅಜ್ಜನ ಫೋಟೋ ಮಾತ್ರ ಮೀಸೆ ಕೂದಲ ಸಮೇತ ಶಾರ್ಪು.

ಬೈಸ್ಕೊಳ್ಳೋಕೆ ರೆಡಿಯಾಗಿ ಹೋದೆ. ಅಜ್ಜಿ ಫೋಟೋ ನೋಡಿ ಸೆರಗಲ್ಲಿ ಕಣ್ಣೊರೆಸ್ಕೊಂಡ್ರು. "ಮೊಮ್ಮಗನ್ನ ನೋಡೋಕೆ ಯಜಮಾನ್ರೇ ಬಂದಂಗದೆ ಕಣಪ್ಪ. ಇದನ್ನ ಇನ್ನೂ ದೊಡ್ಡದಾಗಿ ಮಾಡ್ಕೊಡು."

ಬಾಣಂತಿ ಸೊಸೆ ಬಗ್ಗಿ ಬಗ್ಗಿ ನೋಡಿದ್ಲು. "ಅತ್ತೆ, ಇದ್ರಲ್ಲಿ ನನ್ ಮಗ ಎಲ್ಲಿ?"

"ಮುಂದ್ಗಡೆ ಬೆಳ್ಳಗೆ ಅದೆಯಲ್ಲ, ಅದೇಯ. ಬೆಳೀತಾನೆ ಬುಡು, ಆಮೇಲ್ ಕಾಣ್ತಾನೆ."

ಕುಣಿಗಲ್‌ನವರು

ಕೊನೆಗೆ ಮೇಷ್ಟ್ರ ಕ್ಯಾಮೆರಾನೇ ತಗೊಂಡೆ. ಎರಡು ದಿನಕ್ಕೆ ಕುಣಿಗಲ್ಲಿಂದ ಮದುವೆ ಹುಡುಗಿಯ ಸೋದರಮಾವ ಫೋನ್ ಮಾಡಿದ್ರು. "ಭಾನುವಾರ ಕ್ಯಾಮೆರಾ ನೋಡೋಕ್ ಬರ್ತೀವಿ. ಹಳೇದನ್ನೂ ಪಕ್ಕದಲ್ಲಿಡು."

ಅವ್ರ ಭಯಕ್ಕೆ ಕಾರಣ ಇತ್ತು. ಆ ಹುಡುಗಿ ಅಕ್ಕನ ಮದುವೆಲಿ ಫೋಟೋಗ್ರಾಫರ್ ಮೆಮೊರಿ ಕಾರ್ಡ್ ಕೈಕೊಟ್ಟು ಧಾರೆ ಫೋಟೋ ಒಂದೂ ಉಳಿದಿಲ್ಲ. ಆಲ್ಬಮ್ಮಲ್ಲಿ ವರಪೂಜೆ ಆದ್ಮೇಲೆ ಸೀದಾ ಊಟದ ಪಂಕ್ತಿ.

ಅಮ್ಮ ಉಪ್ಪಿಟ್ಟು, ಕೇಸರಿಬಾತ್ ಮಾಡಿದ್ಲು. ಟೀಪಾಯಿ ಮೇಲೆ ಹೊಸ ಟವೆಲ್ ಹಾಸಿ, ಕ್ಯಾಮೆರಾಗೆ ಮೂರು ಬೆರಳು ವಿಭೂತಿನೂ ಎಳೆದಿದ್ಲು. ಮಾವ ಹುಡುಗಿನ ಕರ್ಕೊಂಡು ಬಂದು ಕೂತ್ರು. ಹುಡುಗಿ ತಲೆ ತಗ್ಗಿಸಿರ್ಲಿಲ್ಲ, ಲೆನ್ಸ್ ಭಾರಕ್ಕೆ ಕ್ಯಾಮೆರಾ ಮಾತ್ರ ತಗ್ಗಿಸಿತ್ತು.

"ವಯಸ್ಸೆಷ್ಟು?" ಅಂದ್ರು ಮಾವ.

"ನಾಲ್ಕು ವರ್ಷ ಸಾರ್. ಸೆಕೆಂಡ್ ಹ್ಯಾಂಡು."

ಸ್ಪೂನ್ ಕೆಳಗಿಟ್ರು. "ಮೊದ್ಲಿನ ಮನೆಯವ್ರು ಯಾಕೆ ಬುಟ್ರು?"

"ಭಾರ ಅಂತ. ಮೇಷ್ಟ್ರಿಗೆ ಕತ್ತು ನೋವು."

"ಇದರದ್ದೇನೂ ತಪ್ಪಿಲ್ಲ ತಾನೇ? ಎಷ್ಟು ಮದುವೆ ನೋಡೈತೆ?"

"ಒಂದೂ ಇಲ್ಲ ಸಾರ್. ಬರೀ ಹಕ್ಕಿ."

ಸ್ಪೂನ್ ಎತ್ಕೊಂಡ್ರು. "ಸರಿ. ಸೆನ್ಸಾರ್ ತೋರ್ಸು."

ಎರಡರ ಲೆನ್ಸೂ ಬಿಚ್ಚಿ, ಒಳಗಿನ ಕನ್ನಡಿ ಎತ್ತಿ ತೋರಿಸ್ದೆ. ಹಳೇದ್ರದ್ದು ಒಂದು ಅಂಚೆಚೀಟಿ, ಹೊಸದ್ರದ್ದು ಎರಡು ಅಂಚೆಚೀಟಿಯಷ್ಟು. ಮಾವ ಬೆರಳು ತಂದ್ರು.

"ಅಯ್ಯಯ್ಯೋ, ಮುಟ್ಬೇಡಿ!"

"ಗರ್ಭಗುಡಿಯೇನಪ್ಪ?" ಅಂತ ಎರಡ್ ಹೆಜ್ಜೆ ಹಿಂದೆ ಸರಿದು, ಬಗ್ಗಿ ದೂರದಿಂದ್ಲೇ ನೋಡಿದ್ರು. ಆಮೇಲೆ ಕಾರ್ಡ್ ಹಾಕೋ ಬಾಗ್ಲು ತೆಗೆದೆ. ಎರಡು ಕಾರ್ಡು, ಎರಡ್ರಲ್ಲೂ ಒಂದೇ ಫೋಟೋ, ಒಂದು ಸತ್ರೆ ಇನ್ನೊಂದು. ಮಾವನ ಮುಖ ಅರಳ್ತು. "ಕ್ಯಾಮೆರಾ ಒಪ್ಪಿಗೆ. ಹುಡುಗ ಏನ್ ಓದವ್ನೆ?"

ಅಪ್ಪನಿಗೆ ಸುಳ್ಳು ಹೇಳೋಕ್ ಬರಲ್ಲ. "ಇಂಜಿನಿಯರಿಂಗು. ಅರ್ಧ."

"ಅರ್ಧಕ್ಕೆ ಬುಟ್ಟವ್ನಾ? ಧಾರೆನೂ ಅರ್ಧಕ್ಕೆ ಬುಟ್ಟು ಹೋದ್ರೆ?"

"ಧಾರೆಲಿ ಗಣಿತ ಇರಲ್ಲ ಸಾರ್" ಅಂದೆ. ಅಪ್ಪ ನನ್ ಕಾಲು ತುಳಿದ.

ಮಾವ ತಟ್ಟೆ ಕೆಳಗಿಟ್ಟು ಎದ್ರು. "ಊರಿಗೋಗಿ ತಿಳಿಸ್ತೀವಿ."

ನಮ್ ಕಡೆ ಹಂಗಂದ್ರೆ ಏನು ಅಂತ ಎಲ್ರಿಗೂ ಗೊತ್ತು. ಅಮ್ಮ ಒಳಗೋದ್ಲು. ಹನ್ನೊಂದು ಪೇಪರ್ ಸಾಲಾಗಿ ನನ್ ಕಣ್ಮುಂದೆ ನಿಂತ್ವು.

ಹುಡುಗಿ ಮಾತ್ರ ಏಳ್ಲಿಲ್ಲ. "ಮಾವ, ಗಂಡಿನ ಕಡೆಯವ್ರು ನನ್ನ ನೋಡಿ, ಉಪ್ಪಿಟ್ಟು ತಿಂದು, ಹಿಂಗೇ ಊರಿಗೋಗಿ ತಿಳಿಸ್ತೀವಿ ಅಂತ ಹೋಗಿ ಒಂದು ತಿಂಗಳು ಕಾಯಿಸಿದ್ರು. ನೀವು ದಿನಾ ಬೈತಿದ್ರಿ. ಈಗ ನೀವೂ ಅದನ್ನೇ ಮಾಡ್ತೀರಾ? ಏನಿದ್ರೂ ಇಲ್ಲೇ ಹೇಳಿ."

ಮಾವ ಖಾಲಿ ತಟ್ಟೆ ನೋಡಿದ್ರು, ಹುಡುಗಿ ಮುಖ ನೋಡಿದ್ರು, ಅಪ್ಪನ ಮುಖ ನೋಡಿದ್ರು. ಆಮೇಲೆ, "ಆಯ್ತು ಕಣಮ್ಮ, ಈ ಹುಡುಗಂದೇ ಫೋಟೋ" ಅಂದ್ರು. ಹುಡುಗಿ ಖುಷಿಯಾಗಿ ಎದ್ದು ಕಾರ್ ಹತ್ರ ಹೋದ್ಲು. ಅಪ್ಪ ಉಸಿರು ಬಿಟ್ಟಿದ್ದು ನಂಗೇ ಕೇಳಿಸ್ತು.

ಮಾವ ಚಪ್ಪಲಿ ಮೆಟ್ಕೊಂಡು, ಹುಡುಗಿಗೆ ಕೇಳಿಸಲ್ಲ ಅಂತ ಗ್ಯಾರಂಟಿ ಮಾಡ್ಕೊಂಡು ನನ್ ಕಡೆ ತಿರುಗಿದ್ರು.

"ಲೇ, ಆ ಹಳೇದನ್ನೂ ತಪ್ಪದೆ ತಗೊಂಬಾ."

"ಯಾಕೆ ಸಾರ್? ಅದ್ರದ್ದು ಸೆನ್ಸಾರ್ ಚಿಕ್ಕದು, ಎರಡಕ್ಕೊಂದು ಫೋಟೋ ಬರಲ್ಲ."

"ಅದಕ್ಕೇ ಹೇಳಿದ್ದು. ಗಂಡಿನ ಕಡೆಯವ್ರನ್ನೆಲ್ಲ ಅದ್ರಲ್ಲಿ ತೆಗಿ" ಅಂದು, ಹೊರಗೋಗಿ ಬಾಗ್ಲು ಎಳ್ಕೊಂಡ್ರು.