ಬಚ್ಚಲ ನೀರು ಹಿಡಿದ ದಾರಿ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ಬಾಳೆಯ ಕಂದು. ಪಂಕಜ ಅದನ್ನು ಚಿಂತಾಮಣಿಯ ತವರಿನಿಂದ ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ತಂದು, ಮಂಡಿಕಲ್ಲಿನ ಬಾಡಿಗೆ ಮನೆಯ ಹಿತ್ತಿಲ ತುದಿಯಲ್ಲಿ ನೆಟ್ಟಳು. ಬಚ್ಚಲ ನೀರು ಅದರ ಬುಡ ಸೇರಲೆಂದು ಅವಳ ಗಂಡ, ಮಿಡ್ಲ್ ಸ್ಕೂಲಿನ ವಿಜ್ಞಾನದ ಮೇಷ್ಟ್ರು ಸತ್ಯಮೂರ್ತಿ, ಒಂದು ಭಾನುವಾರವೆಲ್ಲ ಬೆವರು ಸುರಿಸಿ ಬೇಲಿಯ ಉದ್ದಕ್ಕೂ ಕಾಲುವೆ ತೋಡಿದ. ಸೇರು ಹೋಗಿ ಕಿಲೋ ಬಂದ ಹೊಸತು. ಕಾಲುವೆಯನ್ನು ಅವನು ಮೀಟರಿನಲ್ಲಿ ಅಳೆದಿದ್ದ.

ಆ ಮನೆ ಸಿಕ್ಕಿದ್ದೇ ಅವರ ಪುಣ್ಯ. ಊರಿನಲ್ಲಿ ಬಾಡಿಗೆಗೆ ಕೊಡುವ ಮನೆ ಬೇರೊಂದಿರಲಿಲ್ಲ. ಅದು ಸಿಗುವವರೆಗೆ ಸತ್ಯಮೂರ್ತಿ ಮದುವೆಯಾಗಿಯೂ ಬ್ರಹ್ಮಚಾರಿಯಂತೆ ಸ್ಕೂಲಿನ ಜಗಲಿಯಲ್ಲಿ ಮಲಗುತ್ತಿದ್ದ. ಈಗಲೂ ಮನೆ ಕೈತಪ್ಪಿದರೆ ಪಂಕಜ ತವರಿಗೆ, ಅವನು ಜಗಲಿಗೆ. ಮನೆಯ ಯಜಮಾನ ವೆಂಕಟರಾಯಪ್ಪ ಹಾಕಿದ್ದ ಷರತ್ತು ಒಂದೇ. ಹಿತ್ತಿಲ ನಡುವೆ ಚಪ್ಪಡಿ ಮುಚ್ಚಿದ ಹಗೇವು ಇದೆ, ನೆಲದೊಳಗಿನ ಆ ಕಣಜದಲ್ಲಿ ತನಗೂ ತನ್ನ ತಮ್ಮನಿಗೂ ಸೇರಿದ ರಾಗಿ ಇದೆ, ಅದರ ಹತ್ತಿರ ನೀರು ಸುಳಿಯಕೂಡದು.

ಸತ್ಯಮೂರ್ತಿ ಅದನ್ನು ಮರೆತಿರಲಿಲ್ಲ. ಹಿತ್ತಿಲು ಮನೆಯಿಂದ ಆಚೆಗೆ ಇಳಿಜಾರಾಗಿತ್ತು. ಮೇಲೆ ಮನೆ, ನಡುವೆ ಹಗೇವು, ಎಲ್ಲಕ್ಕಿಂತ ತಗ್ಗಿನಲ್ಲಿ ಬಾಳೆ. ನೀರು ತಗ್ಗಿಗೆ ಹರಿಯುತ್ತದೆಂದು ಬೆತ್ತ ಹಿಡಿದು ಕಲಿಸುವವನಿಗೆ ಇದರಲ್ಲಿ ಅನುಮಾನಪಡುವಂಥದೇನೂ ಕಾಣಲಿಲ್ಲ.

ಮಾಘಮಾಸದ ಒಂದು ಬೆಳಗ್ಗೆ ಇದ್ದಿಲ ಪುಡಿಯಲ್ಲಿ ಹಲ್ಲುಜ್ಜುತ್ತ ಹಿತ್ತಿಲಿಗೆ ಬಂದವನು ಕಂಬದಂತೆ ನಿಂತುಬಿಟ್ಟ. ಹಗೇವಿನ ಚಪ್ಪಡಿಯ ಪಕ್ಕದ ಮಣ್ಣು ಕಪ್ಪಗೆ ನೆನೆದಿತ್ತು. ಓಡಿಹೋಗಿ ಬಾಳೆಯ ಕೆಳಗಿನ ತಗ್ಗನ್ನು ಕಾಲಲ್ಲಿ ಕೆದಕಿದ. ಅಲ್ಲಿ ಬರೀ ಧೂಳು. ನೀರು ತಗ್ಗಿಗೆ ಹೋಗುವುದು ಬಿಟ್ಟು ಮೇಲಕ್ಕೆ ಬಂದಿತ್ತು. ಬಾಯಲ್ಲಿದ್ದ ಇದ್ದಿಲ ಪುಡಿಯೆಲ್ಲ ಅವನ ಹೊಟ್ಟೆ ಸೇರಿತು.

ಇನ್ನೊಂದು ದಿನವಾಗಿದ್ದರೆ ಹೇಗೋ ಸುಧಾರಿಸಬಹುದಿತ್ತು. ಅವತ್ತೇ ವೆಂಕಟರಾಯಪ್ಪನ ತಮ್ಮ ಕೋನಪ್ಪ ಹಗೇವು ತೆಗೆಸಿ ತನ್ನ ಪಾಲಿನ ರಾಗಿ ಒಯ್ಯಲು ಮಂಚೇನಹಳ್ಳಿಯಿಂದ ಗಾಡಿ ಕಟ್ಟಿಕೊಂಡು ಬರುವವನಿದ್ದ.

"ರೀ, ನೀರು ತಗ್ಗಿಗೇ ಹೋಗತ್ತೆ ಅಂದಿದ್ರಲ್ಲ," ಎಂದಳು ಪಂಕಜ.

"ಹೋಗತ್ತೆ ಕಣೇ. ನೀನು ಮೊದಲು ಒಲೆ ಬೂದಿ ತಗೊಂಬಾ," ಎಂದ ಅವನು.

ಬೂದಿ ಹರಡಿದರು. ಬೂದಿಯೂ ನೆನೆದು ಕಪ್ಪಗಾಯಿತು. ಕೊನೆಗೆ ಸತ್ಯಮೂರ್ತಿ ಪಂಚೆ ಎತ್ತಿಕಟ್ಟಿ, ಒದ್ದೆ ಮಣ್ಣನ್ನೇ ಸನಿಕೆಯಲ್ಲಿ ಅಗೆದು ಮಂಕರಿಯಲ್ಲಿ ಹೊತ್ತು ಬೇಲಿಯಾಚೆಗೆ ಸುರಿಯತೊಡಗಿದ. ಮೂರನೆಯ ಮಂಕರಿಗೆ ಪಕ್ಕದ ಮನೆಯ ಅಕ್ಕಯ್ಯಮ್ಮನ ತಲೆ ಬೇಲಿಯ ಮೇಲೆ ಮೂಡಿತು. ಏನು ಅಗೆಯುತ್ತಿದ್ದೀರಿ ಎಂದು ಆಕೆ ಕೇಳಿದಳು. ಹೂವಿನ ಗಿಡಕ್ಕೆ ಪಾತಿ ಎಂದ. ಹಗೇವಿನ ಬಾಯಿ ಪಕ್ಕ ಎಂಥ ಹೂವು ಎಂದು ಆಕೆ ಯೋಚಿಸಿದಳು. ಯೋಚನೆಯನ್ನು ಒಬ್ಬಳೇ ಇಟ್ಟುಕೊಳ್ಳುವ ಹೆಂಗಸಲ್ಲ ಆಕೆ. ಬಾವಿಯಿಂದ ಒಂದು ಬಿಂದಿಗೆ ನೀರು ತರುವಷ್ಟರಲ್ಲಿ, ಮೇಷ್ಟ್ರು ಹಗೇವಿಗೆ ಕನ್ನ ಕೊರೆಯುತ್ತಿರುವ ಸುದ್ದಿ ಊರೆಲ್ಲ ಹಬ್ಬಿತ್ತು.

ಸುದ್ದಿ ಕೇಳಿ ವೆಂಕಟರಾಯಪ್ಪ ದಡಬಡನೆ ಬಂದ. ಇನ್ನು ಮುಚ್ಚಿಡುವುದು ಆಗದ ಮಾತೆಂದು ಸತ್ಯಮೂರ್ತಿ ಇದ್ದದ್ದನ್ನು ಇದ್ದ ಹಾಗೆ ಹೇಳಿ ತಲೆತಗ್ಗಿಸಿದ. ಬೈಗುಳ ಬರಲಿಲ್ಲ. ತಲೆಯೆತ್ತಿ ನೋಡಿದರೆ ವೆಂಕಟರಾಯಪ್ಪನ ಮುಖ ಅರಳಿತ್ತು. ಅವನು ಮೇಷ್ಟ್ರ ಭುಜ ಹಿಡಿದು ಬಚ್ಚಲ ಮರೆಗೆ ಕರೆದೊಯ್ದ.

"ಮೇಷ್ಟ್ರೇ, ದೇವರು ಬಂದಂಗೆ ಬಂದ್ರಿ. ಒಳಗೆ ರಾಗಿ ಇಲ್ಲ ಕಣ್ರೀ. ಹೋದ ವರ್ಷವೇ ಚಿಕ್ಕಬಳ್ಳಾಪುರದಲ್ಲಿ ಮಾರ್ಬಿಟ್ಟೆ. ನನ್ ತಮ್ಮ ಬಂದ್ರೆ, ನೀರು ನುಗ್ಗಿ ಎಲ್ಲಾ ಕೊಳೆತೋಯ್ತು, ಎತ್ತಿ ಎಸೆದ್ವಿ, ನಾನೇ ಕಣ್ಣಾರೆ ನೋಡ್ದೆ ಅನ್ನಿ. ನೀವು ಇರೋವರ್ಗೂ ಈ ಮನೆ ನಿಮ್ದೇ."

ಸತ್ಯಮೂರ್ತಿಗೆ ಬೆಳಗಿನದಕ್ಕಿಂತ ದೊಡ್ಡ ಆಘಾತವಾಯಿತು. ಅವನ ಹೆಸರಿನಲ್ಲೇ ಸತ್ಯವಿತ್ತು. ಆದರೆ ಸ್ಕೂಲಿನ ಜಗಲಿಯ ಸೊಳ್ಳೆಗಳೂ ನೆನಪಾದವು. ಕೋನಪ್ಪನ ಗಾಡಿ ಬಂದು ನಿಂತಾಗ, ನೆರೆದ ಊರ ಜನರ ಮುಂದೆ ಅವನು ಪಾಠ ಒಪ್ಪಿಸುವವನಂತೆ ವೆಂಕಟರಾಯಪ್ಪ ಹೇಳಿಕೊಟ್ಟದ್ದನ್ನೆಲ್ಲ ಹೇಳಿಬಿಟ್ಟ. ಕಣ್ಣಾರೆ ನೋಡಿದೆ ಎನ್ನುವಾಗ ಮಾತ್ರ ಕಣ್ಣು ಮುಚ್ಚಿಕೊಂಡ.

ಕೋನಪ್ಪ ಸಮಾಧಾನದ ಮನುಷ್ಯ. ಎಲ್ಲ ಕೇಳಿಸಿಕೊಂಡು, ಬಂದದ್ದು ಬಂದೆ, ಒಂದು ಸಲ ನೋಡಿಯೇ ಹೋಗುತ್ತೇನೆ ಎಂದು ಚಪ್ಪಡಿ ಸರಿಸಿದ. ಒಳಗಿನ ಕೆಟ್ಟಗಾಳಿ ಹೋಗಲೆಂದು ಸ್ವಲ್ಪ ಹೊತ್ತು ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಸಿದ. ದೀಪ ಆರಲಿಲ್ಲ. ಇಳಿದು ಹೋದವನು ಬೊಗಸೆ ತುಂಬ ಏನನ್ನೋ ತಂದು ಎಲ್ಲರ ಮುಂದೆ ಉಫ್ ಎಂದು ಊದಿದ. ಅದು ಒಣ ಧೂಳು.

ಮೇಷ್ಟ್ರು ಅಗೆದ ಜಾಗಕ್ಕೆ ಬೆರಳು ತೋರಿಸಿ ಕೋನಪ್ಪ ಹೇಳಿದ. "ನಮ್ಮಪ್ಪ ಹಗೇವಿನ ಸುತ್ತ ದಪ್ಪ ಮರಳು ತುಂಬ್ಸಿದ್ದ. ಇಲ್ನೋಡಿ, ತೇವ ಮರಳಿನವರ್ಗೂ ಬಂದು ನಿಂತು ಪಕ್ಕಕ್ಕೆ ತಿರುಗೈತೆ. ಒಳಕ್ಕೆ ಒಂದು ಹನಿ ಇಳಿದಿಲ್ಲ. ರಾಗಿ ಹೆಂಗೆ ಕೊಳೀತು?"

ಆಗ ಅಕ್ಕಯ್ಯಮ್ಮ, ಬೆಳಗ್ಗೆಯಿಂದ ಮೇಷ್ಟ್ರು ಇಲ್ಲಿಂದ ಮಂಕರಿ ಮಂಕರಿ ಹೊರುತ್ತಿದ್ದುದನ್ನು ತಾನು ನೋಡಿದೆನೆಂದು ಸಾಕ್ಷಿ ನುಡಿದಳು. ಮುಳುಗುತ್ತಿದ್ದ ವೆಂಕಟರಾಯಪ್ಪನಿಗೆ ಅಷ್ಟೇ ಸಾಕಾಯಿತು. ಸೊಂಟದ ಮೇಲೆ ಕೈಯಿಟ್ಟು, ಎಲ್ಲರಿಗಿಂತ ಜೋರಾಗಿ ಕೇಳಿದ.

"ಮೇಷ್ಟ್ರೇ, ನಮ್ ರಾಗಿ ಏನ್ ಮಾಡಿದ್ರಿ?"

ಸ್ವಲ್ಪ ಹೊತ್ತಿಗೆ ಮುಂಚೆ ತನ್ನ ಭುಜ ಹಿಡಿದಿದ್ದ ಕೈ ಅದೇ ತಾನೆ ಎಂದು ಸತ್ಯಮೂರ್ತಿ ಬೆರಗಾಗಿ ನೋಡಿದ. ಪಂಕಜ ಸೆರಗು ಬಾಯಿಗಿಟ್ಟುಕೊಂಡಳು. ಅದೃಷ್ಟಕ್ಕೆ ಕೋನಪ್ಪ ಲೆಕ್ಕ ಬಲ್ಲವನು. ಗಾಡಿಗಟ್ಟಲೆ ರಾಗಿಯನ್ನು ಒಂದು ಬೆಳಗಿನಲ್ಲಿ ಮಂಕರಿಯಲ್ಲಿ ಹೊರಲು ಆಗುವುದಿಲ್ಲವೆಂದ, ರಾಗಿ ಮಾರಿಕೊಂಡವನು ನೀನೇ ಎಂದು ಅಣ್ಣನನ್ನು ಸುಮ್ಮನಿರಿಸಿದ, ತನ್ನ ಪಾಲಿನ ರಾಗಿಗೆ ಬದಲು ಈ ಮನೆ ತನಗಿರಲಿ ಎಂದ. ಜನರ ಮುಂದೆ ವೆಂಕಟರಾಯಪ್ಪ ಹೂಂ ಅನ್ನದೆ ಗತಿಯಿರಲಿಲ್ಲ. ಸತ್ಯಮೂರ್ತಿಗೆ ಹೋದ ಜೀವ ಬಂದಂತಾಯಿತು.

"ನೀವು ಕಳ್ಳರಲ್ಲ, ನಂಗೊತ್ತು," ಎಂದ ಕೋನಪ್ಪ ಅವನತ್ತ ತಿರುಗಿ. "ಆದ್ರೆ ನೋಡ್ದೇ ಇದ್ದಿದ್ದನ್ನ ಕಣ್ಣಾರೆ ನೋಡ್ದೆ ಅಂತೀರ. ಅಂಥೋರನ್ನ ಮನೇಲಿ ಇಟ್ಕೊಳ್ಳಾಕೆ ನಂಗಾಗಲ್ಲ. ಈವತ್ತೇ ಖಾಲಿ ಮಾಡಿ. ಹೆಂಗೂ ಗಾಡಿ ಖಾಲಿ ಐತೆ."

ಬಂದ ಜೀವ ಮತ್ತೆ ಹೋಯಿತು. ರಾಗಿಗೆಂದು ಬಂದ ಗಾಡಿಗೆ ಮೇಷ್ಟ್ರ ಹಾಸಿಗೆ, ಪಾತ್ರೆ, ಪುಸ್ತಕಗಳು ಏರಿದವು. ಪಂಕಜ ಅಳುತ್ತಲೇ ಅಡುಗೆಮನೆಯ ಹಿಂಗೋಡೆಗೆ ಒತ್ತಿ ಇಟ್ಟಿದ್ದ ಟ್ರಂಕನ್ನು ಎಳೆದವಳು ಗಂಡನನ್ನು ಕೂಗಿದಳು. ಟ್ರಂಕಿನ ಹಿಂದೆ ಮಣ್ಣಿನ ಗೋಡೆ ಸೊಂಟದೆತ್ತರಕ್ಕೆ ನೆನೆದಿತ್ತು. ಸತ್ಯಮೂರ್ತಿ ಬೆರಳಿಟ್ಟ. ರಾಗಿಮುದ್ದೆಗೆ ಇಟ್ಟಂತೆ ಬೆರಳು ಒಳಕ್ಕೆ ಹೋಯಿತು.

ಅವನು ಪಂಕಜಳನ್ನು ಹೊರಗೆ ಕಳಿಸಿ ಹಿತ್ತಿಲಿಗೆ ಓಡಿದ. ಅದೇ ಗೋಡೆಯ ಹೊರಮೈಗೆ ಒರಗಿ, ನೆರಳಲ್ಲಿ ಕಾಲು ಚಾಚಿ ಕೋನಪ್ಪ ಬೀಡಿ ಹಚ್ಚುತ್ತಿದ್ದ.

"ಕೋನಪ್ಪನವರೇ, ಎದ್ದೇಳಿ. ಬಚ್ಚಲ ನೀರು ಈ ಗೋಡೆಗೆ ಬಂದಿದೆ."

"ಬೆಳಗ್ಗೆ ಹಗೇವಿಗೆ ಹೋಗಿತ್ತು. ಈಗ ಇಳಿಜಾರು ಹತ್ತಿ ಗೋಡೆಗೆ ಬಂತಾ?" ಎಂದು ಕೋನಪ್ಪ ಹೊಟ್ಟೆ ಕುಲುಕಿಸಿ ನಗುತ್ತ ಇನ್ನಷ್ಟು ಒರಗಿದ.

ಗೋಡೆ ದೊಡ್ಡ ಸದ್ದೇನೂ ಮಾಡದೆ ಒಳಕ್ಕೆ ಮಲಗಿತು. ಜೊತೆಗೆ ಕೋನಪ್ಪನೂ. ಧೂಳು ಇಳಿದಾಗ ಅವನು ಬೀಡಿ ಕಚ್ಚಿಕೊಂಡೇ ಪಂಕಜಳ ಒಲೆಯ ಪಕ್ಕ ಕೂತಿದ್ದ. ಗೋಡೆಯ ಬುಡದಲ್ಲಿ ನೆಲ ಬಾಯ್ಬಿಟ್ಟು ಗುಟ್ಟು ಹೊರಬಿದ್ದಿತ್ತು. ಮೇಲಿನ ಮಣ್ಣು ಆಚೆಗೆ ಇಳಿದಿದ್ದರೆ, ಅದರಡಿಯ ಗಟ್ಟಿ ಜೇಡಿಯ ಪದರ ಮನೆಯ ಕಡೆಗೇ ವಾಲಿತ್ತು. ಬಾಳೆಯ ಬುಡದಲ್ಲಿ ಇಂಗಿದ ನೀರು ಅದರ ಮೇಲೆ ತಿಂಗಳುಗಟ್ಟಲೆ ಸದ್ದಿಲ್ಲದೆ ಒಸರಿ ಬಂದಿತ್ತು.

ಕೋನಪ್ಪ ತಲೆಯ ಮೇಲಿನ ಮಣ್ಣು ಕೊಡವಿಕೊಂಡ.

"ಮೇಷ್ಟ್ರೇ, ನೀವು ಹೇಳಿದ್ದು ನಿಜ. ನಿಜ ಹೇಳೋರನ್ನ ನಾನು ಮನೆ ಬಿಡ್ಸಲ್ಲ. ಸಾಮಾನೆಲ್ಲ ಇಳಿಸ್ಕೊಳ್ಳಿ. ಈ ಗೋಡೆ ಎದ್ದು ನಿಲ್ಲೋವರ್ಗೂ ನೀವು ಇಲ್ಲಿಂದ ಅಲ್ಲಾಡಂಗಿಲ್ಲ."

ಹೀಗೆ ಮನೆ ಉಳಿಯಿತು. ಗೋಡೆಯಿದ್ದ ಜಾಗದಿಂದ ಅಕ್ಕಯ್ಯಮ್ಮ ಸಲೀಸಾಗಿ ಒಳಗೆ ನೋಡುತ್ತಿದ್ದಳು. ಸಂಜೆ ಮಣ್ಣು ಕಲಸಲು ಪಂಕಜ ಒಂದು ಬಿಂದಿಗೆ ನೀರು ತಂದುಕೊಟ್ಟಳು. ಅದನ್ನು ಎಲ್ಲಿ ಸುರಿದರೆ ಎಲ್ಲಿಗೆ ಹೋಗುತ್ತದೋ ಎಂದು ಹೆದರಿ, ಸತ್ಯಮೂರ್ತಿ ಬಿಂದಿಗೆ ಹಿಡಿದುಕೊಂಡೇ ನಿಂತಿದ್ದ.